ಎರಡು ಸೀಸನ್‌ಗೆ ಏಳೇ ಗೆಲುವು: ಫ್ಲಾರಿಡಾ ಸ್ಟೇಟ್ ಮೇಲೆ ಏಳುತ್ತಾ ಇದೆಯಾ, ಇಲ್ಲವಾ?

ಗಾರ್ನೆಟ್ ಗೌಡ:
ನಮ್ಮ ಫ್ಲಾರಿಡಾ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ 2025ರ ಸೀಸನ್ ಮುಗಿಯಿತು. ಐದು ಗೆಲುವು, ಏಳು ಸೋಲು, ಅಂದರೆ 5-7. ಕೊನೆಯ ಪಂದ್ಯ ಗೆದ್ದಿದ್ದರೆ ಆರು ಗೆಲುವಾಗಿ ಸೀಸನ್ ಕೊನೆಗೆ ಸಿಗುವ ಹೆಚ್ಚುವರಿ ಬೌಲ್ ಪಂದ್ಯವಾದರೂ ಸಿಗುತ್ತಿತ್ತು. ಗೇನ್ಸ್‌ವಿಲ್‌ಗೆ ಹೋಗಿ ಎದುರಾಳಿ ಫ್ಲಾರಿಡಾ ವಿಶ್ವವಿದ್ಯಾಲಯದ ಎದುರು 40-21ಕ್ಕೆ ಸೋತು ಬಂದರು. ಹೋದ ವರ್ಷ 2-10. ಅದರ ಹಿಂದಿನ ವರ್ಷ ಇದೇ ತಂಡ 13-0 ಆಗಿ ನಮ್ಮ ಕಾನ್ಫರೆನ್ಸ್ (ಕಾಲೇಜು ತಂಡಗಳ ಗುಂಪು) ಎಸಿಸಿಯ ಚಾಂಪಿಯನ್. ಇಷ್ಟು ಕೆಳಗೆ ಹೇಗೆ ಬಂದೆವು ಅಂತ ಎಲ್ಲರೂ ಕೇಳುತ್ತಿದ್ದಾರೆ. ನನಗೆ ಬೇಕಾಗಿರುವ ಉತ್ತರ ಬೇರೆ. ಈಗ ಮೇಲೆ ಏಳುತ್ತಾ ಇದ್ದೇವಾ, ಇಲ್ಲವಾ?

ಆಗಸ್ಟ್ 30ಕ್ಕೆ 8ನೇ ರ್‍ಯಾಂಕಿನ ಅಲಬಾಮಾವನ್ನು 31-17ಕ್ಕೆ ಸೋಲಿಸಿದಾಗ ಎಲ್ಲಾ ಸರಿಹೋಯಿತು ಅಂತ ತಂಡದ ಊರು ಟಲ್ಲಹಾಸಿ ಇಡೀ ನಂಬಿತ್ತು. ಆಮೇಲೆ ಎರಡು ಸಣ್ಣ ತಂಡಗಳನ್ನು ಹೊಡೆದರು. ಅದಾದ ಮೇಲೆ ವರ್ಜೀನಿಯಾ 46-38, ಮಯಾಮಿ 28-22, ಪಿಟ್ 34-31, ಸ್ಟ್ಯಾನ್‌ಫರ್ಡ್ 20-13. ಸಾಲಾಗಿ ನಾಲ್ಕು ಸೋಲು, ನಾಲ್ಕೂ 8 ಪಾಯಿಂಟ್ ಒಳಗಿನ ಅಂತರ. ಕೋಚ್ ಮೈಕ್ ನಾರ್ವೆಲ್ ಮುಂದುವರಿಯುತ್ತಾರೆ ಅಂತ ಕಾಲೇಜು ಹೇಳಿಯೂ ಆಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಬರೀ ಕೋಚ್ ಸಮಸ್ಯೆ ಅಲ್ಲ, ನಸೀಬೂ ಅಲ್ಲ. ಮೂರು ನಾಲ್ಕು ವರ್ಷ ಇಲ್ಲೇ ಬೆಳೆದ ಹುಡುಗರು ತಂಡದಲ್ಲಿ ಸಾಕಷ್ಟಿಲ್ಲ. ಪ್ರತಿ ಜನವರಿಯಲ್ಲಿ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ, ಅಂದರೆ ಕಾಲೇಜು ಬದಲಾಯಿಸುವ ಆಟಗಾರರ ಪಟ್ಟಿಯಿಂದ, ಹೊಸ ತಂಡ ತರುತ್ತೇವೆ. ಡಿಸೆಂಬರ್‌ಗೆ ಅದು ಚೆದುರಿ ಹೋಗುತ್ತದೆ. ನಿಮಗೇನನ್ನಿಸುತ್ತದೆ?

ಅಂಕಿಅಂಶ ಆಚಾರ್:
ಮೊದಲು ಲೆಕ್ಕ ನೋಡೋಣ. 2024ರಲ್ಲಿ 12 ಪಂದ್ಯಕ್ಕೆ 185 ಪಾಯಿಂಟ್, ಸರಾಸರಿ 15.4. ಈ ವರ್ಷ 396, ಸರಾಸರಿ 33. ಮೇಲ್ನೋಟಕ್ಕೆ ದುಪ್ಪಟ್ಟಿಗಿಂತ ಜಾಸ್ತಿ. ಆಫೆನ್ಸ್ (ಪಾಯಿಂಟ್ ಹೊಡೆಯುವ ಪಾಳಿ) ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ಗಸ್ ಮಾಲ್ಜಾನ್ ಬಂದು ಎಲ್ಲಾ ಬದಲಾಯಿಸಿದರು ಅನ್ನಿಸುತ್ತದೆ. ಆದರೆ ಅದರಲ್ಲಿ 77 ಬಂದಿದ್ದು ಈಸ್ಟ್ ಟೆಕ್ಸಾಸ್ ಎ ಅಂಡ್ ಎಂ ಮೇಲೆ, 66 ಕೆಂಟ್ ಸ್ಟೇಟ್ ಮೇಲೆ. ಎರಡನ್ನೂ ತೆಗೆಯಿರಿ. ಉಳಿದ 10 ಪಂದ್ಯಕ್ಕೆ 253, ಸರಾಸರಿ 25.3. ಬಿಟ್ಟುಕೊಟ್ಟಿದ್ದು 251.

ಅಂದರೆ ಹತ್ತು ದೊಡ್ಡ ಪಂದ್ಯ ಸೇರಿಸಿದರೆ ನಾವೇ ಎರಡು ಪಾಯಿಂಟ್ ಮುಂದೆ. ಗೆದ್ದದ್ದು ಮಾತ್ರ ಮೂರು. ಇಷ್ಟು ಹತ್ತಿರ ಇದ್ದೂ 3-7 ಆಗಿದೆ ಅಂದರೆ ಅದೃಷ್ಟದ ಪಾಲು ಖಂಡಿತ ಇದೆ. ಗೌಡ್ರು ಅದನ್ನು ಪೂರ್ತಿ ತಳ್ಳಿಹಾಕಿದ್ದು ನನಗೆ ಒಪ್ಪಿಗೆ ಇಲ್ಲ.

ಹುಬ್ಬಳ್ಳಿ ಮಂದಿ:
ಆಚಾರ್ರ, ವೇಕ್ ಫಾರೆಸ್ಟ್ ಮೇಲೆ 42-7 ಹೊಡೆದದ್ದು ಆ 253ರಾಗ ಐತಿ ನೋಡ್ರಿ. ಗೆದ್ದಾಗ ದೊಡ್ಡದಾಗಿ ಗೆಲ್ಲೋದು, ಬಿಗಿ ಪಂದ್ಯ ಬಂದಾಗ ಸೋಲೋದು. ಅದು ಅದೃಷ್ಟ ಅಲ್ಲ, ಕೋಚಿಂಗ್. ನಾರ್ವೆಲ್ ಬಂದು ಆರು ಸೀಸನ್ ಆತು. 3-6, 5-7, 10-3, 13-1, 2-10, 5-7. ಕೂಡಿಸಿದರ 38-34. ಆರರಾಗ ನಾಲ್ಕು ವರ್ಷ ಸೋಲೇ ಜಾಸ್ತಿ.

ಹೊಸಬ:
ನಾನು ಅಮೆರಿಕಕ್ಕೆ ಬಂದು ಸ್ವಲ್ಪ ದಿನ ಆಯಿತು. ಇಲ್ಲಿನ ಮ್ಯಾಗ್ನೆಟ್ ಪ್ರಯೋಗಾಲಯ ಮ್ಯಾಗ್ ಲ್ಯಾಬ್‌ನಲ್ಲಿ ಪಿಎಚ್‌ಡಿ. ಒಂದು ಕಾಲೇಜು ತಂಡದ ಬಗ್ಗೆ ಇಷ್ಟು ಚಿಂತೆ ಯಾಕೆ? ಐದು ಗೆಲುವು ಅಂದರೆ ಅಷ್ಟು ಕೆಟ್ಟದಾ?

ಆಸ್ಟಿನ್ ಅಕ್ಕ:
ಹೊಸಬರಿಗೆ ಸ್ವಾಗತ. ಇಲ್ಲಿ ಸೀಸನ್‌ಗೆ 12 ಪಂದ್ಯ ಮಾತ್ರ. ಆರು ಗೆದ್ದರೆ ಬೌಲ್ ಅಂತ ಕೊನೆಗೊಂದು ಪಂದ್ಯ ಸಿಗುತ್ತದೆ. ತುಂಬಾ ಚೆನ್ನಾಗಿ ಆಡಿದ 12 ತಂಡ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ಗೆ ಹೋಗುತ್ತವೆ. ಹಾಗಾಗಿ ಒಂದೊಂದು ಸೋಲೂ ಭಾರ. ಇನ್ನು ಚಿಂತೆ ಯಾಕೆ ಅಂದರೆ, ಟಲ್ಲಹಾಸಿ ಸುಮಾರು ಎರಡು ಲಕ್ಷ ಜನರ ಊರು. ಪಂದ್ಯ ಇರುವ ಶನಿವಾರ ಊರಿನ ಹೋಟೆಲ್, ಅಂಗಡಿ, ರಸ್ತೆ ಎಲ್ಲಾ ಆ ಪಂದ್ಯದ ಮೇಲೇ ನಡೆಯುತ್ತದೆ. ಒಂದು ಪಂದ್ಯಕ್ಕೆ ಹೋಗಿ ಬನ್ನಿ, ಅರ್ಥವಾಗುತ್ತದೆ.

ಗೌಡ್ರೇ, ನಿಮ್ಮ ಮಾತಿಗೆ ಬರುತ್ತೇನೆ. ನಮ್ಮ ಟೆಕ್ಸಸ್ 2021ರಲ್ಲಿ 5-7. ನಮ್ಮ ಮೈದಾನದಲ್ಲೇ ಕ್ಯಾನ್ಸಸ್ ಎದುರು 57-56ಕ್ಕೆ ಸೋತೆವು. ಕೋಚ್ ಸಾರ್ಕಿಸಿಯನ್ ಅವರನ್ನು ಕಳಿಸಿ ಅಂತ ಎಷ್ಟು ಗಲಾಟೆ ಆಗಿತ್ತು ಗೊತ್ತಾ? 2022ರಲ್ಲಿ 8-5, 2023ರಲ್ಲಿ 12-2 ಆಗಿ ಪ್ಲೇಆಫ್. ತಾಳ್ಮೆ ಬೇಕು.

ಹುಬ್ಬಳ್ಳಿ ಮಂದಿ:
ಅಕ್ಕಾರ, ಅದು ಸಾರ್ಕಿಸಿಯನ್ ಅವರ ಮೊದಲನೇ ವರ್ಷ. ನಾರ್ವೆಲ್ ಅವರದು ಆರನೇ ವರ್ಷ. ಹೋಲಿಕೆ ಆಗೂದಿಲ್ಲ.

ಅಟ್ಲಾಂಟಾ ಅಣ್ಣಯ್ಯ:
ಎಲ್ಲದಕ್ಕೂ ಮೂಲ 2023ರ ಡಿಸೆಂಬರ್. 13-0 ಆಗಿದ್ದ ತಂಡವನ್ನು ನಾಲ್ಕು ತಂಡದ ಪ್ಲೇಆಫ್‌ಗೆ ಸೇರಿಸಲಿಲ್ಲ. ದೊಡ್ಡ ಕಾನ್ಫರೆನ್ಸ್ ಗೆದ್ದು, ಒಂದೂ ಸೋಲಿಲ್ಲದೆ, ಹೊರಗೆ ಉಳಿದ ಮೊದಲ ತಂಡ ನಮ್ಮದು. ಕ್ವಾರ್ಟರ್‌ಬ್ಯಾಕ್ (ಆಫೆನ್ಸ್ ನಡೆಸುವ, ಚೆಂಡು ಎಸೆಯುವ ಆಟಗಾರ) ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡ ಅನ್ನೋದೇ ಕಾರಣ. ಆ ಹುಡುಗರ ಮನಸ್ಸು ಮುರಿಯಿತು. ಆರೆಂಜ್ ಬೌಲ್‌ನಲ್ಲಿ ಬಹಳ ಜನ ಆಡಲೇ ಇಲ್ಲ, ಜಾರ್ಜಿಯಾ 63-3 ಹೊಡೆಯಿತು. ಮುಂದಿನ ವರ್ಷದಿಂದಲೇ ಪ್ಲೇಆಫ್ 12 ತಂಡಕ್ಕೆ ಏರಿತು. ಒಂದು ವರ್ಷ ಮೊದಲು ಬಂದಿದ್ದರೆ ಈ ಕಾಲೇಜಿನ ಕಥೆಯೇ ಬೇರೆ ಇರುತ್ತಿತ್ತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಕುಡ್ಲ ಟು ಟ್ಯಾಂಪಾ:
ಅನ್ಯಾಯ ಆದದ್ದು ಹೌದು ಮಾರಾಯ್ರೆ. ಆದರೆ ಸ್ಟ್ಯಾನ್‌ಫರ್ಡ್ ಎದುರು ಬರೀ 13 ಪಾಯಿಂಟ್ ಹೊಡೆಯಲಿಕ್ಕೆ ಪ್ಲೇಆಫ್ ತಂಡ ಆರಿಸಿದ ಆ ಸಮಿತಿ ಕಾರಣ ಅಲ್ಲ. ಎರಡು ವರ್ಷ ಆಯ್ತು.

ಗಾರ್ನೆಟ್ ಗೌಡ:
ಅಣ್ಣಯ್ಯ, ನಿಮ್ಮ ಸಿಟ್ಟು ನನಗೂ ಇದೆ. ಆದರೆ 2023ರ ತಂಡವನ್ನೇ ಸರಿಯಾಗಿ ನೋಡಿ. 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸುವುದು) ಆ ತಂಡದಿಂದ 10 ಜನ ಹೋದರು. ಅವರಲ್ಲಿ ಎಷ್ಟು ಜನ ಬೇರೆ ಕಾಲೇಜಿನಿಂದ ಬಂದವರು? ಜೇರೆಡ್ ವರ್ಸ್ ಆಲ್ಬನಿಯಿಂದ. ಕಿಯಾನ್ ಕೋಲ್ಮನ್ ಮಿಷಿಗನ್ ಸ್ಟೇಟ್‌ನಿಂದ. ಫಿಸ್ಕ್ ವೆಸ್ಟರ್ನ್ ಮಿಷಿಗನ್‌ನಿಂದ. ಟ್ರೇ ಬೆನ್ಸನ್ ಆರೆಗಾನ್‌ನಿಂದ. ಜಾನಿ ವಿಲ್ಸನ್ ಅರಿಜೋನಾ ಸ್ಟೇಟ್‌ನಿಂದ. ಟ್ರಾವಿಸ್ ಕೂಡ ಮೊದಲು ಲೂಯಿವಿಲ್‌ನಲ್ಲಿದ್ದವನು. ಅದ್ಭುತವಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹಿಂದೆ, ಅವರನ್ನು ನೋಡಿ ಕಲಿತು ನಿಂತಿರಬೇಕಾದ ಎರಡನೇ ಸಾಲು ಇರಲಿಲ್ಲ. 10 ಜನ ಒಟ್ಟಿಗೆ ಹೋದ ತಕ್ಷಣ ಬುಡವೇ ಹೋಯಿತು. ಆ ಜಾಗಕ್ಕೆ ಮತ್ತೆ ಪೋರ್ಟಲ್‌ನಿಂದಲೇ ತಂದರು. 2024ರ ಕ್ವಾರ್ಟರ್‌ಬ್ಯಾಕ್ ಉಯಿಯಂಗಲೇಲೇ ಕ್ಲೆಮ್ಸನ್, ಆರೆಗಾನ್ ಸ್ಟೇಟ್ ಮುಗಿಸಿ ಬಂದವನು. 2025ರ ಕ್ಯಾಸ್ಟೆಲಾನೋಸ್ ಬಾಸ್ಟನ್ ಕಾಲೇಜ್‌ನಿಂದ ಬಂದವನು. ಅವನ ವರ್ಷಗಳೂ ಮುಗಿದವು. ಈಗ ಮತ್ತೆ ಹುಡುಕಾಟ. ಬಾಡಿಗೆ ಮನೆಗೆ ಯಾರು ಸುಣ್ಣ ಬಳಿಯುತ್ತಾರೆ ಹೇಳಿ?

ಗೇಟರ್ ರಾಘು:
ಎದುರು ಪಾರ್ಟಿಯವನು ಅಂತ ಬೈಬೇಡಿ. ನಮ್ಮ ಫ್ಲಾರಿಡಾನೂ ಈ ವರ್ಷ 4-8. ನಿಮ್ಮ ಮೇಲೆ ಗೆದ್ದದ್ದು ಬಿಟ್ಟರೆ ಸಂಭ್ರಮ ಪಡೋಕೆ ಏನೂ ಇಲ್ಲ. ಆದರೆ ನಾವು ಅಕ್ಟೋಬರ್‌ನಲ್ಲೇ ಕೋಚ್ ಬಿಲ್ಲಿ ನೇಪಿಯರ್ ಅವರನ್ನು ಕಳಿಸಿದೆವು, ಒಪ್ಪಂದದ ಬಾಕಿ ಸುಮಾರು 21 ಮಿಲಿಯನ್ ಡಾಲರ್ ಕೊಟ್ಟು. ನಿಮ್ಮವರಿಗೆ ಆ ಧೈರ್ಯ ಬರಲಿಲ್ಲ.

ಅಟ್ಲಾಂಟಾ ಅಣ್ಣಯ್ಯ:
ಧೈರ್ಯದ ಮಾತಲ್ಲ ರಾಘು. 2024ರ ಜನವರಿಯಲ್ಲಿ ಅಲಬಾಮಾ ಕೋಚ್ ಸೇಬನ್ ರಿಟೈರ್ ಆದಾಗ ನಾರ್ವೆಲ್ ಅಲಬಾಮಾಕ್ಕೆ ಹೋಗಿಬಿಡುತ್ತಾರೆ ಅಂತ ಇಲ್ಲಿ ಎಲ್ಲರಿಗೂ ಭಯ. 2031ರವರೆಗೆ, ವರ್ಷಕ್ಕೆ 10 ಮಿಲಿಯನ್‌ಗೂ ಜಾಸ್ತಿ ಸಂಬಳದ ಒಪ್ಪಂದ ಮಾಡಿಕೊಂಡರು. ಈಗ ಕಳಿಸಬೇಕು ಅಂದರೆ 50 ಮಿಲಿಯನ್‌ಗಿಂತ ಜಾಸ್ತಿ ಕೊಡಬೇಕು. ಆ ದುಡ್ಡು ಎಲ್ಲಿಂದ ಬರುತ್ತದೆ?

ಗೇಟರ್ ರಾಘು:
ಲೂಯಿಸಿಯಾನಾದ ಎಲ್‌ಎಸ್‌ಯು ತನ್ನ ಕೋಚ್ ಬ್ರಯಾನ್ ಕೆಲ್ಲಿ ಅವರನ್ನು ಕಳಿಸಲಿಲ್ಲವಾ? ಅಲ್ಲೂ ಸುಮಾರು 54 ಮಿಲಿಯನ್ ಲೆಕ್ಕ. ಮನಸ್ಸಿದ್ದರೆ ದಾನಿಗಳು ಕೊಡುತ್ತಾರೆ.

ಮಲ್ನಾಡ್ ಅಮ್ಮ:
ಆ ದುಡ್ಡು ಕೆಲಸ ಬಿಟ್ಟು ಹೋಗುವವರಿಗೆ ಕೊಡೋದಕ್ಕಿಂತ ಆಡುವ ಹುಡುಗರಿಗೆ ಕೊಡೋದು ಮೇಲು ಅಲ್ವಾ? 2025ರ ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಎಲ್ಲಾ ಆಟ ಸೇರಿ ಒಂದು ಕಾಲೇಜಿಗೆ 2025-26ಕ್ಕೆ 20.5 ಮಿಲಿಯನ್ ಡಾಲರ್ ಮಿತಿ. ಒಬ್ಬ ಕೋಚ್‌ನ ಕಳಿಸುವ ಖರ್ಚು ಅದರ ಎರಡು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ವಿಷಯ. ನಾರ್ವೆಲ್ 2-10 ಆದ ಮೇಲೆ ತಮ್ಮ ಸಂಬಳದಲ್ಲಿ 4.5 ಮಿಲಿಯನ್ ಅಥ್ಲೆಟಿಕ್ಸ್ ನಿಧಿಗೆ ಬಿಟ್ಟುಕೊಟ್ಟರು. ಅದನ್ನು ಯಾರೂ ನೆನೆಯೋದೇ ಇಲ್ಲ.

ಹುಬ್ಬಳ್ಳಿ ಮಂದಿ:
ಬಿಟ್ಟುಕೊಟ್ಟದ್ದು ಒಳ್ಳೇದ. ಆದ್ರ ಪಂದ್ಯ ಗೆಲ್ಲಿಸೂದು ಅವರ ಕೆಲಸ. ಎರಡನ್ನೂ ಕೂಡಿಸಬ್ಯಾಡ್ರಿ. ನಾರ್ವೆಲ್ ಕಾಲದಾಗ ಅಲ್ಲೇನು 36 ವರ್ಷ ಬಿಡದೆ ಬೌಲ್ ಆಡಿದ ಸಾಲು ಮುರಿದದ್ದು?

ಅಂಕಿಅಂಶ ಆಚಾರ್:
ಇಲ್ಲ. ಆ ಸಾಲು ಮುರಿದದ್ದು 2018ರಲ್ಲಿ, ವಿಲ್ಲಿ ಟ್ಯಾಗರ್ಟ್ ಕಾಲದಲ್ಲಿ. ಅದು ಕೂಡ 5-7. ಮರುವರ್ಷ ನವೆಂಬರ್‌ನಲ್ಲಿ ಅವರನ್ನು ತೆಗೆದರು. ಎರಡು ವರ್ಷವೂ ಕೊಡಲಿಲ್ಲ. ಟ್ಯಾಗರ್ಟ್‌ಗೆ ಒಪ್ಪಂದದ ಬಾಕಿ ದುಡ್ಡು ಕೊಟ್ಟು, ನಾರ್ವೆಲ್ ಅವರನ್ನು ತಂದು, ಮೊದಲ ಎರಡು ಸೀಸನ್ ಮತ್ತೆ ಸೋಲು. ಕೋಚ್ ಬದಲಾಯಿಸಿದ ತಕ್ಷಣ ತಂಡ ಸರಿಯಾಗುತ್ತದೆ ಅನ್ನುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ಮುಖ್ಯ ವಿಷಯ. ಅದೇ ಹತ್ತು ಪಂದ್ಯವನ್ನು ಮನೆ (ನಮ್ಮ ಮೈದಾನ), ಹೊರಗೆ (ಎದುರಾಳಿಯ ಮೈದಾನ) ಅಂತ ಬೇರೆ ಮಾಡಿ ನೋಡಿದೆ. ಮನೆಯಲ್ಲಿ ಐದು ಪಂದ್ಯ: ಹೊಡೆದದ್ದು 160, ಬಿಟ್ಟದ್ದು 100. ಹೊರಗೆ ಐದು ಪಂದ್ಯ: ಹೊಡೆದದ್ದು 93, ಬಿಟ್ಟದ್ದು 151. ಅಂದರೆ ಮನೆಯಲ್ಲಿ ಸರಾಸರಿ 32-20, ಹೊರಗೆ 18.6-30.2. ಇದು ಒಂದು ತಂಡವೇ ಅಲ್ಲ, ಎರಡು ತಂಡ.

ಈ ವರ್ಷ ಹೊರಗೆ 0-5. ಹೋದ ವರ್ಷ ಎಸ್‌ಎಂಯು, ಡ್ಯೂಕ್, ಮಯಾಮಿ, ನಾಟರ್ ಡೇಮ್, ನಾಲ್ಕಕ್ಕೆ ನಾಲ್ಕೂ ಸೋಲು. ಸೇರಿಸಿದರೆ 0-9. ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್ ಎದುರು 24-21ಕ್ಕೆ ಸೋತದ್ದು ಬೇರೆ. ಎದುರಾಳಿಯ ಮೈದಾನದಲ್ಲಿ ನಾವು ಕೊನೆಯ ಸಲ ಗೆದ್ದದ್ದು 2023ರ ನವೆಂಬರ್‌ನಲ್ಲಿ, ಗೇನ್ಸ್‌ವಿಲ್‌ನಲ್ಲಿ, 24-15.

ಕುಡ್ಲ ಟು ಟ್ಯಾಂಪಾ:
0-9!! ಇದನ್ನು ಯಾವ ಚಾನೆಲ್‌ನವರೂ ಇಷ್ಟು ಸ್ಪಷ್ಟವಾಗಿ ತೋರಿಸಲಿಲ್ಲ ಮಾರಾಯ್ರೆ.

ಗಾರ್ನೆಟ್ ಗೌಡ:
ಆಚಾರ್ ಸಾರ್, ನನ್ನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮನೆಯಲ್ಲಿ ಸಾವಿರಾರು ಜನ ಕೂಗಿ ತಂಡವನ್ನು ಎತ್ತುತ್ತಾರೆ. ಹೊರಗೆ ಹೋದಾಗ ಪಕ್ಕದಲ್ಲಿ ನಿಂತವನ ಮೇಲೆ ನಂಬಿಕೆ ಬೇಕು. ಆ ನಂಬಿಕೆ ಏಳು ತಿಂಗಳಲ್ಲಿ ಬರೋದಿಲ್ಲ. ಮೂರು ವರ್ಷ ಒಟ್ಟಿಗೆ ಸೋತು ಗೆದ್ದು ಬರಬೇಕು.

ಆಸ್ಟಿನ್ ಅಕ್ಕ:
ಹಾಗಾದರೆ ಇಂಡಿಯಾನಾ ಹೇಗೆ? 2023ರಲ್ಲಿ 3-9. ಕೋಚ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11-2. 2025ರಲ್ಲಿ ಪ್ಲೇಆಫ್‌ಗೆ ಮುಂಚೆ 13-0, ಬಿಗ್ ಟೆನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಒಹಾಯೋ ಸ್ಟೇಟ್‌ನ 13-10ಕ್ಕೆ ಸೋಲಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಮೆಂಡೋಜಾ ಕ್ಯಾಲ್‌ನಿಂದ ಬಂದವನು. ಪೋರ್ಟಲ್‌ನಿಂದಲೇ ಕಟ್ಟಿದ ತಂಡ. ವ್ಯಾಂಡರ್‌ಬಿಲ್ಟ್ 2023ರಲ್ಲಿ 2-10, 2025ರಲ್ಲಿ ಬೌಲ್‌ಗೆ ಮುಂಚೆ 10-2. ಅಲ್ಲೂ ಕ್ವಾರ್ಟರ್‌ಬ್ಯಾಕ್ ಪಾವಿಯಾ ನ್ಯೂ ಮೆಕ್ಸಿಕೋ ಸ್ಟೇಟ್‌ನಿಂದ ಬಂದವನು. ಪೋರ್ಟಲ್ ಕೆಟ್ಟದ್ದು ಅಂತ ಹೇಳೋಕೆ ಆಗಲ್ಲ.

ಗಾರ್ನೆಟ್ ಗೌಡ:
ಒಳ್ಳೆಯ ಪ್ರಶ್ನೆ ಅಕ್ಕ. ಆದರೆ ಸಿಗ್ನೆಟ್ಟಿ ಯಾರನ್ನು ತಂದರು ನೋಡಿ. ಹಿಂದೆ ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ಕಾಲೇಜಿನಲ್ಲಿ ತಾವೇ ಬೆಳೆಸಿದ ಹುಡುಗರನ್ನು ಜೊತೆಯಲ್ಲೇ ಕರೆದುಕೊಂಡು ಬಂದರು. ಅವರಿಗೆ ಕೋಚ್ ಗೊತ್ತು, ಪದ್ಧತಿ ಗೊತ್ತು, ಒಬ್ಬರಿಗೊಬ್ಬರು ಗೊತ್ತು. ಪಾವಿಯಾ ಜೊತೆಗೂ ಅವನ ಹಳೆಯ ಕೋಚ್ ಜೆರ್ರಿ ಕಿಲ್ ವ್ಯಾಂಡರ್‌ಬಿಲ್ಟ್‌ಗೆ ಬಂದರು. ಊರು ಬದಲಾಯಿತು, ಸಂಬಂಧ ಹಳೆಯದೇ. ನಾವು ಹೆಸರು ನೋಡಿ ತಂದೆವು.

ಹುಬ್ಬಳ್ಳಿ ಮಂದಿ:
ಕ್ಯಾಸ್ಟೆಲಾನೋಸ್ ಕೂಡ ಯುಸಿಎಫ್ ಕಾಲೇಜಿನಾಗ ಮಾಲ್ಜಾನ್ ಅವರ ಕೈಕೆಳಗ ಇದ್ದವನ ಅಲ್ಲೇನು? ಹಳೇ ಸಂಬಂಧ ಇದ್ರೂ 5-7 ಆತಲ್ರಿ.

ಗಾರ್ನೆಟ್ ಗೌಡ:
ಅವನೊಬ್ಬನೇ. ಅದಕ್ಕೇ ಆಫೆನ್ಸ್ ಸ್ವಲ್ಪವಾದರೂ ಸುಧಾರಿಸಿತು ಅನ್ನೋದು ನನ್ನ ಲೆಕ್ಕ.

ಕುಡ್ಲ ಟು ಟ್ಯಾಂಪಾ:
ನಮ್ಮ ರಣಜಿಯಲ್ಲೂ ಇದೇ ಉಂಟಲ್ಲ. ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ರಣಜಿ ಗೆದ್ದಿತು. ನಾವು 2014-15ರ ಕಪ್ಪನ್ನೇ ನೆನೆಸಿಕೊಂಡು ಕೂತಿದ್ದೇವೆ. ಆದರೆ ವಿದರ್ಭ ಅವರೊಬ್ಬರಿಂದ ಗೆದ್ದದ್ದಲ್ಲ. ಅಲ್ಲಿ ಬೆಳೆದ ಹುಡುಗರು ಎಷ್ಟೋ ವರ್ಷದಿಂದ ಒಟ್ಟಿಗೆ ಆಡ್ತಾ ಇದ್ದರು. ಅದರ ಮೇಲೆ ಹೊರಗಿನ ಒಬ್ಬ ಒಳ್ಳೆಯ ಆಟಗಾರ ಬಂದರೆ ಪ್ರಯೋಜನ.

ಅಟ್ಲಾಂಟಾ ಅಣ್ಣಯ್ಯ:
ಕರುಣ್ ಮತ್ತೆ ಕರ್ನಾಟಕಕ್ಕೆ ಬಂದಾಯ್ತಲ್ಲ 2025-26ರ ಸೀಸನ್‌ಗೆ. ಅವರನ್ನು ಬಿಟ್ಟುಕೊಟ್ಟಿದ್ದೇ ತಪ್ಪು.

ಕುಡ್ಲ ಟು ಟ್ಯಾಂಪಾ:
ಅದಕ್ಕೆ ಬೇರೆ ಚರ್ಚೆ ಶುರು ಮಾಡುವ. ನನಗೆ ಆ ಬಗ್ಗೆ ಹೇಳಲಿಕ್ಕೆ ತುಂಬಾ ಉಂಟು.

ಹೊಸಬ:
ಇನ್ನೊಂದು ಪ್ರಶ್ನೆ. ಪಂದ್ಯಕ್ಕೆ ಮುಂಚೆ ಕುದುರೆ ಮೇಲೆ ಬಂದು ಬೆಂಕಿ ಹಚ್ಚಿದ ಈಟಿಯನ್ನು ಮೈದಾನದ ನಡುವೆ ನೆಡುತ್ತಾರಲ್ಲ, ಅದು ಏನು? ಬುಡಕಟ್ಟಿನವರಿಗೆ ಬೇಜಾರಾಗಲ್ಲವಾ?

ಮಲ್ನಾಡ್ ಅಮ್ಮ:
ಸವಾರ ಆಸಿಯೋಲಾ, ಕುದುರೆ ರೆನೆಗೇಡ್. 1978ರಿಂದ ನಡೆದುಕೊಂಡು ಬಂದಿದೆ. ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನ ಒಪ್ಪಿಗೆ ತಗೊಂಡೇ ಶುರು ಮಾಡಿದ್ದು. ಬೇರೆ ಕಡೆಯ ಮೂಲನಿವಾಸಿಗಳಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ನನ್ನ ಮಗ ಮಾರ್ಚಿಂಗ್ ಚೀಫ್ಸ್ ಬ್ಯಾಂಡ್‌ನಲ್ಲಿದ್ದಾನೆ, ಹಾಗಾಗಿ ಆ ಗಳಿಗೆ ನಮ್ಮ ಮನೆಯಲ್ಲಿ ಯಾರೂ ತಪ್ಪಿಸಲ್ಲ.

ಬ್ಯಾಂಡ್ ಮಕ್ಕಳ ಬಗ್ಗೆಯೂ ಒಂದು ಮಾತು ಹೇಳಬೇಕು. 2024ರಲ್ಲಿ ಅರ್ಧ ಖಾಲಿಯಾದ ಸ್ಟೇಡಿಯಂನಲ್ಲೂ ಆ ಮಕ್ಕಳು ಕೊನೆಯ ನಿಮಿಷದವರೆಗೆ ನಿಂತು ಬಾರಿಸಿದರು. ಹಿರಿಯರು ಮೂರನೇ ಕ್ವಾರ್ಟರ್‌ಗೇ ಕಾರಿನ ಕಡೆ ಹೊರಟಿದ್ದರು. ತಂಡ ಕಟ್ಟೋದು ಅಂದರೆ ನೋಡುವವರ ಪಾಲೂ ಇದೆ.

ಅಂಕಿಅಂಶ ಆಚಾರ್:
ಅಮ್ಮ ಹೇಳಿದ್ದು ನಿಜ. ಇತಿಹಾಸದಿಂದ ಇನ್ನೊಂದು ಉದಾಹರಣೆ. 1973ರಲ್ಲಿ ಈ ತಂಡ 0-11. 1974ರಲ್ಲಿ 1-10. 1975ರಲ್ಲಿ 3-8. ಆಗ ಬಂದವರು ಬಾಬಿ ಬೌಡೆನ್. ಅವರ ಮೊದಲ ವರ್ಷವೂ 5-6, ಸೋಲೇ ಜಾಸ್ತಿ. 1977ರಲ್ಲಿ 10-2. ಆಮೇಲೆ 1987ರಿಂದ 2000ದವರೆಗೆ ಸತತ 14 ವರ್ಷ ಎಪಿ ಸುದ್ದಿಸಂಸ್ಥೆಯ ಅಂತಿಮ ಶ್ರೇಯಾಂಕ ಪಟ್ಟಿಯ ಮೊದಲ ಐದರಲ್ಲಿ. 1993, 1999ರಲ್ಲಿ ರಾಷ್ಟ್ರೀಯ ಚಾಂಪಿಯನ್. ಇದಕ್ಕಿಂತ ಆಳಕ್ಕೆ ಬಿದ್ದು ಎದ್ದ ತಂಡ ಇದು.

ಹುಬ್ಬಳ್ಳಿ ಮಂದಿ:
ಬೌಡೆನ್ ಕಾಲದಾಗ ಹುಡುಗೂರು ಸುಲಭಕ್ಕ ಬಿಟ್ಟು ಹೋಗ್ತಿರಲಿಲ್ಲ. ಹೋದರ ಒಂದು ವರ್ಷ ಕೂತು ಕಾಯಬೇಕಿತ್ತು. 2021ರಾಗ ಆ ನಿಯಮ ಸಡಿಲ ಮಾಡಿದರು, ಅದೇ ವರ್ಷ ಜಾಹೀರಾತಿನಿಂದ ದುಡ್ಡು ಗಳಿಸಲಿಕ್ಕೂ ಬಿಟ್ಟರು. ಈಗ ಹುಡುಗ ಬೆಳೆದ ಕೂಡಲೇ ಜಾಸ್ತಿ ಕೊಡೋರ ಕಡೆ ಹೊಂಟ. ಗೌಡ್ರ, ನೀವು ಮೂರು ವರ್ಷ ಬೆಳೆಸ್ರಿ ಅಂತೀರಿ. ಬೆಳೆಸಿದ ಮ್ಯಾಲೆ ಉಳಿಸಿಕೊಳ್ಳೂದು ಹ್ಯಾಂಗ?

ಗಾರ್ನೆಟ್ ಗೌಡ:
ಅದಕ್ಕೇ ಅಮ್ಮ ಹೇಳಿದ ದುಡ್ಡಿನ ಮಾತು ಮುಖ್ಯ. 20.5 ಮಿಲಿಯನ್‌ನಲ್ಲಿ ಫುಟ್‌ಬಾಲ್‌ಗೆ ಬರುವ ಪಾಲನ್ನು ಮೊದಲು ಮನೆಯ ಹುಡುಗರಿಗೆ ಖರ್ಚು ಮಾಡಲಿ. ಉಳಿದದ್ದರಲ್ಲಿ ಹೊರಗಿನಿಂದ ನಾಲ್ಕೈದು ಜಾಗ ತುಂಬಲಿ. ಮೊದಲು ಆಫೆನ್ಸಿವ್ ಲೈನ್, ಅಂದರೆ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತು ಕಾಯುವ ಸಾಲು. ಅಲ್ಲಿ ಐದು ಜನ ಒಬ್ಬನಂತೆ ಆಡಬೇಕು. ಗದ್ದಲದ ಮೈದಾನದಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಕೇಳಿಸೋದಿಲ್ಲ, ಸನ್ನೆ ಮೇಲೇ ಒಟ್ಟಿಗೆ ಎದ್ದು ನುಗ್ಗಬೇಕು. ಹೊರಗೆ ಸರಾಸರಿ 18.6ಕ್ಕೆ ಇಳಿದದ್ದು ಅಲ್ಲಿಂದಲೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಒಳ್ಳೆಯ ಸೂಚನೆಯೂ ಇದೆ. ಕ್ರೋಮಾ ಈ ವರ್ಷ ಹೈಸ್ಕೂಲ್‌ನಿಂದ ನೇರವಾಗಿ ಬಂದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ). ಅಂಥವನು ಮೂರು ವರ್ಷ ಉಳಿದರೆ ಸಾಕು. ಎಸೆದ ಚೆಂಡು ಹಿಡಿಯುವ ರಿಸೀವರ್ ಡ್ಯೂಸ್ ರಾಬಿನ್‌ಸನ್ ಯುಎಸ್‌ಸಿಯಿಂದ ಬಂದವನು, ಆದರೂ ಒಪ್ಪುತ್ತೇನೆ. 1,000 ಯಾರ್ಡ್ ದಾಟಿದ. ಅವನನ್ನು ಬಿಡಬಾರದು.

ಅಟ್ಲಾಂಟಾ ಅಣ್ಣಯ್ಯ:
ಡಿಫೆನ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಡಿಫೆನ್ಸ್ ಕೋಆರ್ಡಿನೇಟರ್ ಟೋನಿ ವೈಟ್ ಅವರ 3-3-5 ಪದ್ಧತಿಗೆ ಮುಂದೆ ನಿಲ್ಲುವ ಮೂವರು ಗಟ್ಟಿ ಇರಬೇಕು. ವರ್ಜೀನಿಯಾ 40 ದಾಟಿಸಿತು, ಫ್ಲಾರಿಡಾ 40 ಮುಟ್ಟಿತು. ಹಾಗಂತ ಅವರನ್ನೂ ಬದಲಾಯಿಸಿದರೆ ಮೂರು ವರ್ಷಕ್ಕೆ ಮೂರು ಪದ್ಧತಿ ಆಗುತ್ತದೆ. ಇನ್ನೊಂದು ವರ್ಷ ಬಿಡಿ.

ಗೇಟರ್ ರಾಘು:
ಈ ಸಲ ಪೋರ್ಟಲ್ 2026ರ ಜನವರಿ 2ರಿಂದ 16ರವರೆಗೆ ಮಾತ್ರ. ವಸಂತದಲ್ಲಿ ಎರಡನೇ ಅವಕಾಶ ಇಲ್ಲ. ಎರಡು ವಾರದಲ್ಲಿ ಯಾರು ಉಳಿದರು, ಯಾರು ಹೋದರು ಗೊತ್ತಾಗುತ್ತದೆ. ಆಗ ಗೌಡ್ರ ವಾದ ಪರೀಕ್ಷೆಗೆ ಬರುತ್ತದೆ.

ಆಸ್ಟಿನ್ ಅಕ್ಕ:
ರಾಘು ಹೇಳಿದ್ದಕ್ಕೆ ನಾನೂ ಸೇರುತ್ತೇನೆ. ಬರುವವರ ಪಟ್ಟಿಗಿಂತ ಹೋಗುವವರ ಪಟ್ಟಿ ಮೇಲೆ ಕಣ್ಣಿಡಿ.

ಹುಬ್ಬಳ್ಳಿ ಮಂದಿ:
ಪಟ್ಟಿ ಏನರೆ ಇರಲಿ. 2026ರಾಗ ಅಲಬಾಮಾ ಪಂದ್ಯ ಅವರ ಮೈದಾನದಾಗ ಐತಿ, ಟಸ್ಕಲೂಸಾದಾಗ. ಈ ಸಲದ ಸೋಲಿನ ಸೇಡು ಅವರಿಗೆ ಐತಿ, ಹೊರಗ ಗೆಲ್ಲದ ರೋಗ ನಮಗ ಐತಿ. ಅಲ್ಲಿ 40 ಪಾಯಿಂಟ್ ಬಿಟ್ಟು ಬಂದರ ನಾರ್ವೆಲ್ ಪರ ಇಲ್ಲಿ ಯಾರು ಮಾತಾಡ್ತೀರಿ, ಈಗಲೇ ಹೇಳ್ರಿ.

ಮಲ್ನಾಡ್ ಅಮ್ಮ:
ನಾನು ಮಾತಾಡುತ್ತೇನೆ. ನವೆಂಬರ್‌ವರೆಗೆ ಕಾಯೋಣ.

ಅಟ್ಲಾಂಟಾ ಅಣ್ಣಯ್ಯ:
ಅಟ್ಲಾಂಟಾದಿಂದ ಟಸ್ಕಲೂಸಾ ಮೂರು ಗಂಟೆ ದಾರಿ. ನಮ್ಮ ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ, ಟಿಕೆಟ್ ನೀವೇ ನೋಡಿಕೊಳ್ಳಬೇಕು.

ಹೊಸಬ:
ನಾನು ಅಟ್ಲಾಂಟಾಕ್ಕೆ ಬಸ್ಸಲ್ಲಿ ಬರುತ್ತೇನೆ. ಒಂದು ಜಾಗ ನನಗೆ ಇಡಿ ಅಣ್ಣ.